ಪ್ರಯಾಣಿಕ ಕೈ ಮಾಡಿದರೆ: ಚಾಲಕರು ನಂಬಿರುವುದೇನು, ಕಾನೂನು ಹೇಳುವುದೇನು

ಬಾಡಿಗೆಯ ತಕರಾರು, ಲೊಕೇಶನ್ ತಕರಾರು, ನಾಲ್ವರ ಕಾರಿಗೆ ಆರು ಜನ ಹತ್ತುವ ತಕರಾರು, ಒಳಗೆ ಸಿಗರೇಟು ಹಚ್ಚಬೇಡಿ ಅಂದದ್ದಕ್ಕೆ ತಕರಾರು, ಭಾಷೆಯ ತಕರಾರು. ಬೆಂಗಳೂರಿನಲ್ಲಿ ಆ್ಯಪ್ ನಂಬಿ ಕಾರು, ಆಟೊ, ಬೈಕ್ ಓಡಿಸುವವರ ಮೇಲೆ ಪ್ರಯಾಣಿಕರು ಕೈ ಮಾಡಿದ ಸುದ್ದಿಗಳನ್ನು ನೋಡಿದರೆ ಜಗಳ ಶುರುವಾಗಿರುವುದು ಹೆಚ್ಚಾಗಿ ಇಂಥದ್ದರಿಂದಲೇ. ಏಟು ತಿಂದ ಚಾಲಕನಿಗೆ ಮೊದಲ ಸಲಹೆ ಸಿಗುವುದು ವಕೀಲರಿಂದಲ್ಲ, ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ, ಟೀ ಅಂಗಡಿಯ ಮುಂದೆ, ವಾಟ್ಸಾಪ್ ಗುಂಪಿನಲ್ಲಿ. ಸಲಹೆ ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಅದರಲ್ಲಿ ಅರ್ಧ ತಪ್ಪು, ಇನ್ನಷ್ಟು ಹಳತು. 2024ರ ಜುಲೈ 1ರಿಂದ ದಂಡ ಸಂಹಿತೆಯೇ ಬದಲಾಗಿದೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆಂದೇ ಒಂದು ಕಾಯ್ದೆ ತಂದಿದೆ.

ದುಡಿಯುತ್ತಿರುವ ಮನುಷ್ಯನ ಮೇಲೆ ಕೈ ಮಾಡುವುದು ‘ಕಸ್ಟಮರ್ ಇಶ್ಯೂ’ ಅಲ್ಲ, ಅಪರಾಧ. ಆ ಅಪರಾಧಕ್ಕೆ ದಾಖಲೆ ಹುಟ್ಟುವುದು ಮೊದಲ ಒಂದು ದಿನದಲ್ಲಿ. ಆ ದಿನ ಮಾಡದೆ ಬಿಟ್ಟ ಕೆಲಸವನ್ನು ಆಮೇಲೆ ಎಷ್ಟು ಓಡಾಡಿದರೂ ಪೂರ್ತಿ ತುಂಬಿಕೊಳ್ಳಲು ಆಗುವುದಿಲ್ಲ.

ತಪ್ಪು ಕಲ್ಪನೆ: ಮೊದಲು ಆ್ಯಪ್‌ನಲ್ಲಿ ಕಂಪ್ಲೇಂಟ್ ಹಾಕಬೇಕು, ಮಿಕ್ಕಿದ್ದನ್ನು ಕಂಪನಿಯವರು ನೋಡಿಕೊಳ್ಳುತ್ತಾರೆ.

ವಾಸ್ತವ: ಕಂಪನಿಗೆ ಕೊಟ್ಟ ದೂರು ಪೊಲೀಸ್ ದೂರಲ್ಲ. ಹೆಚ್ಚೆಂದರೆ ಆ ಪ್ರಯಾಣಿಕನಿಗೆ ಆ ಆ್ಯಪ್ ಬಂದ್ ಆಗಬಹುದು, ಅಷ್ಟೆ. ಏಟು ಬೀಳುತ್ತಿರುವ ಹೊತ್ತಿನಲ್ಲಿ ಮಾಡಬೇಕಾದ ಕೆಲಸವೇ ಬೇರೆ. ಹಿಂದಿನ ಸೀಟಿನಿಂದ ಕುತ್ತಿಗೆಗೆ ಕೈ ಹಾಕಿದರೆ ಚಾಲಕನಿಗೆ ತಿರುಗಲೂ ಆಗುವುದಿಲ್ಲ. ಗಾಡಿ ಓಡುತ್ತಿರುವುದೇ ಆಗ ದೊಡ್ಡ ಅಪಾಯ. ಎಡಕ್ಕೆ ತಂದು ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಕೀ ಮತ್ತು ಫೋನು ಕೈಯಲ್ಲಿ ಹಿಡಿದು ಇಳಿಯಿರಿ. ಪೆಟ್ರೋಲ್ ಬಂಕು, ಆಸ್ಪತ್ರೆಯ ಗೇಟು, ಎಟಿಎಂ ಹೀಗೆ ಬೆಳಕೂ ಜನವೂ ಕ್ಯಾಮೆರಾವೂ ಇರುವ ಜಾಗ ಹತ್ತಿರದಲ್ಲಿದ್ದರೆ ಅಲ್ಲೇ ನಿಲ್ಲಿಸಿ. ಇಳಿದ ಕೂಡಲೇ 112ಕ್ಕೆ ಕರೆ ಮಾಡಿ. ಬೆಂಗಳೂರಿನಲ್ಲಿ ಹೊಯ್ಸಳ ಗಾಡಿ ಬರುತ್ತದೆ. ಬರುವುದು ತಡವಾದರೂ ಕರೆ ಮಾಡಿದ ಸಮಯ ದಾಖಲಾಗುತ್ತದೆ. ಮುಂದೆ ‘ಇವನು ಆಮೇಲೆ ಯೋಚನೆ ಮಾಡಿ ಕಥೆ ಕಟ್ಟಿದ’ ಎಂದು ಯಾರಾದರೂ ಅಂದರೆ ಆ ಒಂದು ಕರೆಯೇ ಉತ್ತರ.

ಆ್ಯಪ್‌ನ ಎಸ್ಒಎಸ್ ಬಟನ್ನನ್ನೂ ಒತ್ತಿ. ಆದರೆ 112ರ ಬದಲಿಗೆ ಅಲ್ಲ, ಅದರ ಜೊತೆಗೆ.

ತಪ್ಪು ಕಲ್ಪನೆ: ನಾವು ಕೈ ಎತ್ತಿದರೆ ಕೇಸು ನಮ್ಮ ಮೇಲೇ ಬೀಳುತ್ತದೆ, ಸುಮ್ಮನೆ ಹೊಡೆಸಿಕೊಳ್ಳಬೇಕು. ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು: ಮೊದಲು ಹೊಡೆದದ್ದು ಅವನು, ಆಮೇಲೆ ನಾವೇನು ಮಾಡಿದರೂ ನಡೆಯುತ್ತದೆ.

ವಾಸ್ತವ: ಎರಡೂ ತಪ್ಪು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಏಟನ್ನು ತಡೆಯುವುದು, ಕೈ ಹಿಡಿದು ಬಿಡಿಸಿಕೊಳ್ಳುವುದು, ತಳ್ಳಿ ಹೊರಗೆ ಬರುವುದು ಅಪರಾಧವಲ್ಲ. ಆದರೆ ಅಪಾಯ ತಪ್ಪಿಸಿಕೊಳ್ಳಲು ಬೇಕಾದಷ್ಟೇ ಬಲ, ಅದಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯನ್ನೂ ಅದೇ ಕಾನೂನು ಹಾಕಿದೆ. ಇಳಿದು ಹೋಗುತ್ತಿರುವವನನ್ನು ಅಟ್ಟಿಸಿಕೊಂಡು ಹೋಗಿ ಎರಡು ಬಿಟ್ಟರೆ ಅದು ಆತ್ಮರಕ್ಷಣೆ ಆಗುವುದಿಲ್ಲ. ಗುಂಪಿನಲ್ಲಿ ಮೆಸೇಜ್ ಹಾಕಿ ಹತ್ತು ಗಾಡಿ ಕರೆಸಿ ಸುತ್ತುವರಿಯುವುದಂತೂ ಬೇಡವೇ ಬೇಡ. ಹಲ್ಲೆ ಮಾಡುವ ಉದ್ದೇಶದಿಂದ ಐದು ಜನ ಸೇರಿದರೆ ಅಕ್ರಮ ಕೂಟವಾಗುತ್ತದೆ, ನೊಂದವನೇ ಆರೋಪಿಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಗೆಳೆಯರು ಬರಲಿ, ಸಾಕ್ಷಿಯಾಗಿ ದೂರ ನಿಲ್ಲಲಿ.

2025ರ ಜೂನ್‌ನಲ್ಲಿ ಜಯನಗರದಲ್ಲಿ ಬೈಕ್ ಟ್ಯಾಕ್ಸಿ ಸವಾರನೊಬ್ಬ ಪ್ರಯಾಣಿಕಳಿಗೆ ಹೊಡೆದ ವಿಡಿಯೋ ಎಲ್ಲೆಡೆ ಹರಿದಾಡಿತು. ಆಮೇಲೆ ಹೊರಬಂದ ಸಿಸಿಟಿವಿ ದೃಶ್ಯದಲ್ಲಿ ಮೊದಲು ಕೈ ಮಾಡಿದ್ದು ಆಕೆ ಎಂದು ಕಂಡಿತು. ಆ ಹೊತ್ತಿಗೆ ಜನ ತೀರ್ಪು ಕೊಟ್ಟಾಗಿತ್ತು. ತಿರುಗಿ ಕೊಟ್ಟ ಏಟು ಅವನ ನೋವನ್ನು ಕಡಿಮೆ ಮಾಡಲಿಲ್ಲ, ಅವನ ಮಾತಿನ ಬೆಲೆಯನ್ನು ಮಾತ್ರ ಕಡಿಮೆ ಮಾಡಿತು.

ತಪ್ಪು ಕಲ್ಪನೆ: ರಕ್ತ ಬಂದಿಲ್ಲ, ಮೂಳೆ ಮುರಿದಿಲ್ಲ, ಆಸ್ಪತ್ರೆಗೆ ಯಾಕೆ? ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ ತಗೊಂಡರೆ ಆಯಿತು.

ವಾಸ್ತವ: ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವ ಕಲ್ಪನೆ ಇದೇ. ಮೊದಲನೆಯದು ಜೀವದ ಮಾತು. ತಲೆಗೆ ಬಿದ್ದ ಪೆಟ್ಟು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಮಂಪರು, ಮಾತು ತೊದಲುವುದು, ಎರಡೆರಡು ಕಾಣುವುದು ಇವುಗಳಲ್ಲಿ ಯಾವುದು ಕಂಡರೂ ತಡ ಮಾಡದೆ ದೊಡ್ಡಾಸ್ಪತ್ರೆಗೆ ಹೋಗಬೇಕು. ಕುತ್ತಿಗೆ ಹಿಸುಕಿದ್ದರೆ ಹೊರಗೆ ಗುರುತಿಲ್ಲದಿದ್ದರೂ ತೋರಿಸಬೇಕು. ಆ ಸ್ಥಿತಿಯಲ್ಲಿ ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.

ಎರಡನೆಯದು ಕೇಸಿನ ಮಾತು. ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್, ಜಯನಗರ ಜನರಲ್, ನಿಮ್ಮ ತಾಲ್ಲೂಕು ಆಸ್ಪತ್ರೆ, ಎಲ್ಲಿಗೆ ಹೋದರೂ ತುರ್ತು ವಿಭಾಗದಲ್ಲಿ ಹಲ್ಲೆ ಎಂದು ಹೇಳಿದರೆ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸು) ಎಂದು ಪುಸ್ತಕದಲ್ಲಿ ನಮೂದು ಮಾಡುತ್ತಾರೆ. ಆ ಪುಸ್ತಕದಲ್ಲಿ ‘ಪೆಟ್ಟು ಹೇಗಾಯಿತು’ ಎಂಬ ಕಡೆ ಡ್ಯೂಟಿ ಡಾಕ್ಟರು ಬರೆಯುವುದು ನಿಮ್ಮ ಬಾಯಿಂದ ಬಂದ ಮಾತನ್ನು. ಅಲ್ಲಿ ಸಂಕೋಚಕ್ಕೋ ಭಯಕ್ಕೋ ‘ಗಾಡಿಯಿಂದ ಬಿದ್ದೆ’ ಎಂದರೆ ಡಾಕ್ಟರು ಅದನ್ನೇ ಬರೆಯುತ್ತಾರೆ. ಎರಡು ವರ್ಷದ ನಂತರ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಎದ್ದು ಓದುವ ಮೊದಲ ಸಾಲು ಅದೇ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ: ಇಂಥ ಹೊತ್ತು, ಇಂಥ ಜಾಗ, ಆ್ಯಪ್ ಪ್ರಯಾಣಿಕ, ಮುಷ್ಟಿಯಿಂದ ಬಲಗಿವಿಯ ಮೇಲೆ. ನೋವಿರುವ ಪ್ರತಿ ಜಾಗವನ್ನೂ ತೋರಿಸಿ. ಬೆನ್ನು, ಪಕ್ಕೆ, ಅಂಗಿಯೊಳಗಿನ ಗೀರು ಎಲ್ಲವನ್ನೂ. ಎಂಎಲ್‌ಸಿ ನಂಬರು ಬರೆದುಕೊಳ್ಳಿ. ವೂಂಡ್ ಸರ್ಟಿಫಿಕೇಟ್ ಮುಂದೆ ಪೊಲೀಸರಿಗೆ ಹೋಗುವುದು ಈ ನಮೂದಿನ ಆಧಾರದ ಮೇಲೆಯೇ. ‘ಪೊಲೀಸ್ ಕೇಸು, ಮೊದಲು ಸ್ಟೇಷನ್ನಿಗೆ ಹೋಗಿ ಬಾ’ ಎಂದು ಯಾವ ಆಸ್ಪತ್ರೆಯೂ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ಮೊದಲು ಜೀವ, ಆಮೇಲೆ ಕಾಗದ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ.

ಇನ್ನೊಂದು ವಿಷಯ ಬಹಳ ಚಾಲಕರಿಗೆ ಗೊತ್ತಿಲ್ಲ. ಮೂಳೆ ಮುರಿದರೆ, ಹಲ್ಲು ಬಿದ್ದರೆ ಅದು ‘ತೀವ್ರ ಗಾಯ’. ಗಾಯದಿಂದಾಗಿ 15 ದಿನ ವಿಪರೀತ ನೋವಿದ್ದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ನ್ಯಾಯ ಸಂಹಿತೆಯ 116ನೇ ಕಲಮಿನಡಿ ತೀವ್ರ ಗಾಯವೇ. ಹಳೆಯ ದಂಡ ಸಂಹಿತೆಯಲ್ಲಿ ಇದು 20 ದಿನ ಇತ್ತು. ತೀವ್ರ ಗಾಯವಾದರೆ ಗರಿಷ್ಠ ಶಿಕ್ಷೆ ಒಂದು ವರ್ಷದಿಂದ ಏಳು ವರ್ಷಕ್ಕೆ ಏರುತ್ತದೆ. ಆದ್ದರಿಂದ ಒಂದು ಸಲ ತೋರಿಸಿ ಬಿಡಬೇಡಿ. ಭುಜ ಎತ್ತಲಾಗದೆ ಸ್ಟಿಯರಿಂಗ್ ಹಿಡಿಯಲು ಆಗುತ್ತಿಲ್ಲ ಎಂದರೆ ಅದೇ ಆಸ್ಪತ್ರೆಗೆ ಮತ್ತೆ ಹೋಗಿ, ಚೀಟಿಯಲ್ಲಿ ಬರೆಸಿ. ಮನೆಯಲ್ಲಿ ಮಲಗಿ ಅನುಭವಿಸಿದ ನೋವಿಗೆ ದಾಖಲೆ ಇರುವುದಿಲ್ಲ.

ತಪ್ಪು ಕಲ್ಪನೆ: ಸ್ಟೇಷನ್ನಿನಲ್ಲಿ ಎನ್‌ಸಿಆರ್ ಕೊಟ್ಟು ಕಳಿಸಿದರು, ಅಂದರೆ ಕೇಸು ನಿಲ್ಲಲಿಲ್ಲ.

ವಾಸ್ತವ: ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೈಯಿಂದ ಹೊಡೆದು ಸಾಧಾರಣ ಗಾಯ ಮಾಡಿದರೆ 115(2)ನೇ ಕಲಂ. ಒಂದು ವರ್ಷದವರೆಗೆ ಶಿಕ್ಷೆ, 10,000 ರೂಪಾಯಿವರೆಗೆ ದಂಡ. ಇದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಅದಕ್ಕೇ ಎಫ್ಐಆರ್ ಬದಲು ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ. ಅದು ಬಾಗಿಲು ಮುಚ್ಚಿದಂತಲ್ಲ. ಆ ಪ್ರತಿ ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ತನಿಖೆಗೆ ಆದೇಶ ಕೇಳಬಹುದು, ಖಾಸಗಿ ದೂರನ್ನೂ ಹೂಡಬಹುದು.

ಬಿಎಂಟಿಸಿ ಕಂಡಕ್ಟರಿಗೆ ಯಾರಾದರೂ ಹೊಡೆದರೆ ಕೂಡಲೇ ಎಫ್ಐಆರ್ ಆಗುತ್ತದೆ, ನಮಗೇಕೆ ಇಲ್ಲ ಎಂದು ಚಾಲಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಾರಿಗೆ ನಿಗಮಗಳ ನೌಕರರು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಪ್ರಕಾರ ಸಾರ್ವಜನಿಕ ಸೇವಕರು. ಅವರ ಕರ್ತವ್ಯಕ್ಕೆ ಅಡ್ಡಿಪಡಿಸಿ ಹಲ್ಲೆ ಮಾಡಿದರೆ ಬೇರೆಯೇ ಕಲಂ ಬೀಳುತ್ತದೆ. ಆ್ಯಪ್ ಚಾಲಕನಿಗೆ ಆ ರಕ್ಷಣೆ ಇಲ್ಲ. ಅದೇ ರಸ್ತೆ, ಅದೇ ರಾತ್ರಿ, ಅದೇ ಊರಿನ ಜನವನ್ನು ಮನೆಗೆ ಮುಟ್ಟಿಸುವ ಕೆಲಸ. ಒಬ್ಬನ ಕೆನ್ನೆಗೆ ಬಿದ್ದ ಏಟಿಗೆ ತನಿಖೆ, ಇನ್ನೊಬ್ಬನ ಕೆನ್ನೆಗೆ ಬಿದ್ದ ಏಟಿಗೆ ಒಂದು ಚೀಟಿ. ಈ ವ್ಯತ್ಯಾಸ ಹೋಗಬೇಕು. ಚಾಲಕರ ಸಂಘಟನೆಗಳು ಬಾಡಿಗೆ ದರಕ್ಕೆ ಹೋರಾಡುವಷ್ಟೇ ಗಟ್ಟಿಯಾಗಿ ಇದಕ್ಕೂ ಹೋರಾಡಬೇಕು ಎಂದು ನಾನು ನಂಬಿದ್ದೇನೆ.

ಅಲ್ಲಿಯವರೆಗೆ ಇರುವ ಕಾನೂನಿನಲ್ಲೇ ದಾರಿ ಇದೆ. ಪ್ರಯಾಣಿಕ ಬರೀ ಹೊಡೆದದ್ದಷ್ಟೇ ಅಲ್ಲ, ಇನ್ನೂ ಏನೇನು ಮಾಡಿದ ಎಂಬುದು ಮುಖ್ಯ. ಕೀ ಕಿತ್ತುಕೊಂಡು ಅಥವಾ ಅಡ್ಡ ನಿಂತು ನಿಮ್ಮನ್ನು ಹೋಗಗೊಡದಿದ್ದರೆ ಅದು ಅಕ್ರಮ ತಡೆ, 126ನೇ ಕಲಂ, ಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಗೆ ಕಾಯದೆ ಪೊಲೀಸರು ತನಿಖೆ ಮಾಡಬಹುದಾದ ಅಪರಾಧ. ಒಡೆದ ಬಾಟಲಿ, ಚಾಕು, ರಾಡ್ ಬಳಸಿದ್ದರೆ 118ನೇ ಕಲಂ, ಸಂಜ್ಞೇಯ. ಮೊಬೈಲ್ ಕಿತ್ತುಕೊಂಡು ಓಡಿದರೆ 304ನೇ ಕಲಂ, ಸಂಜ್ಞೇಯ. ಹಲವು ಅಪರಾಧಗಳಲ್ಲಿ ಒಂದು ಸಂಜ್ಞೇಯವಾದರೂ ಇಡೀ ಪ್ರಕರಣವನ್ನು ಸಂಜ್ಞೇಯ ಎಂದೇ ನೋಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಹೇಳುತ್ತದೆ. ಸಂಜ್ಞೇಯ ಅಪರಾಧದ ಮಾಹಿತಿ ಇದ್ದರೆ ಎಫ್ಐಆರ್ ಮಾಡಲೇಬೇಕು ಎಂಬುದು 2013ರ ಸುಪ್ರೀಂ ಕೋರ್ಟ್ ಸಂವಿಧಾನ ಪೀಠದ ತೀರ್ಪು. ಈಗಿನ ಕಾನೂನಿನಲ್ಲಿ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ, ಮೇಲಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶವಿದೆ.

ಹಾಗಾಗಿ ದೂರು ಬರೆಯುವ ಬಗೆಯೇ ಅರ್ಧ ಕೆಲಸ. ‘ಕಸ್ಟಮರ್ ಗಲಾಟೆ ಮಾಡಿದ್ದು, ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ’ ಎಂದು ಎರಡು ಸಾಲು ಬರೆದು ಸಹಿ ಹಾಕಿದರೆ ಸ್ಟೇಷನ್ ರೈಟರಿಗೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: ‘ರಾತ್ರಿ ಸುಮಾರು 10.40ಕ್ಕೆ ಸಿಲ್ಕ್ ಬೋರ್ಡ್ ಹತ್ತಿರ, ಹಿಂದಿನ ಸೀಟಿನಲ್ಲಿದ್ದ ವ್ಯಕ್ತಿ ನನ್ನ ಕಾಲರ್ ಹಿಡಿದು ಎಳೆದು, ಮುಷ್ಟಿಯಿಂದ ಕಿವಿಯ ಮೇಲೆ ಎರಡು ಸಲ ಹೊಡೆದರು. ಕೀ ಕಿತ್ತುಕೊಂಡು, ಇಲ್ಲಿಂದ ಹೇಗೆ ಹೋಗ್ತೀಯ ನೋಡ್ತೀನಿ, ಜೀವ ಸಹಿತ ಬಿಡಲ್ಲ ಅಂದರು.’ ಬೈದ ಮಾತನ್ನು ಅವರು ಆಡಿದ ಭಾಷೆಯಲ್ಲೇ ಬರೆಯಿರಿ, ಮರ್ಯಾದೆಗೆ ಅಂಜಿ ‘ಅವಾಚ್ಯ ಶಬ್ದಗಳಿಂದ’ ಎಂದಷ್ಟೇ ಬರೆದು ಬಿಡಬೇಡಿ. ಟ್ರಿಪ್ ಐಡಿ, ಪಿಕಪ್, ಡ್ರಾಪ್, 112ಕ್ಕೆ ಕರೆ ಮಾಡಿದ ಸಮಯ, ಎಂಎಲ್‌ಸಿ ನಂಬರು, ನೋಡಿದವರ ಹೆಸರು ಇರಲಿ. ನಡೆಯದ್ದನ್ನು ಒಂದಕ್ಷರವೂ ಸೇರಿಸಬೇಡಿ. ಕೀ ಕಿತ್ತುಕೊಳ್ಳದಿದ್ದರೆ ಕಿತ್ತುಕೊಂಡರು ಎಂದು ಬರೆಯುವಂತಿಲ್ಲ. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಜದ ನಾಲ್ಕು ಮಾತೂ ಅದರ ಜೊತೆ ಬೀಳುತ್ತವೆ.

ಜಾತಿ ಹಿಡಿದು ಬೈದಿದ್ದರೆ, ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ, ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ. ಅದಕ್ಕೆ ಬೈಗುಳ ಸಾರ್ವಜನಿಕರ ಕಣ್ಣಿಗೆ, ಕಿವಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಕೇಳಿಸಿಕೊಂಡ ಸಾಕ್ಷಿ ಯಾರೆಂದು ಆಗಲೇ ಗುರುತಿಟ್ಟುಕೊಳ್ಳಿ. ಚಾಲಕಿಯ ಮೇಲೆ ಲೈಂಗಿಕ ಉದ್ದೇಶದಿಂದ ಕೈ ಹಾಕಿದ್ದರೆ 74, 75ನೇ ಕಲಂಗಳು ಬರುತ್ತವೆ. ಆಗ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು.

ದೂರು ತೆಗೆದುಕೊಳ್ಳದಿದ್ದರೆ? ಅದೇ ದೂರನ್ನು ಬೆಂಗಳೂರಿನಲ್ಲಿ ಡಿಸಿಪಿಗೆ, ಜಿಲ್ಲೆಯಲ್ಲಿ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರು. ಎಫ್ಐಆರ್ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ತಿಳಿಸಬೇಕು.

ತಪ್ಪು ಕಲ್ಪನೆ: ಜಗಳ ಒಂದು ಲಿಮಿಟ್ಸಿನಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯಿತು, ಯಾವ ಸ್ಟೇಷನ್ನಿನವರೂ ತಗೊಳ್ಳಲ್ಲ.

ವಾಸ್ತವ: ತೆಗೆದುಕೊಳ್ಳಬೇಕು. ಸಂಜ್ಞೇಯ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು ಎಂದು ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಇದನ್ನೇ ಝೀರೋ ಎಫ್ಐಆರ್ ಅನ್ನುವುದು. ಇ-ಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲೂ ಮಾಹಿತಿ ಕೊಡಬಹುದು, ಮೂರು ದಿನದೊಳಗೆ ಬಂದು ಸಹಿ ಹಾಕಬೇಕು.

ತಪ್ಪು ಕಲ್ಪನೆ: ಆ್ಯಪ್‌ನಲ್ಲಿ ಕಸ್ಟಮರ್ ನಂಬರೇ ಕಾಣಲ್ಲ, ಬುಕ್ ಮಾಡಿದವರು ಒಬ್ಬರು, ಹತ್ತಿದವರು ಇನ್ನೊಬ್ಬರು, ಯಾರ ಮೇಲೆ ಅಂತ ಕೊಡೋದು?

ವಾಸ್ತವ: ಹೆಸರು ಗೊತ್ತಿಲ್ಲದಿದ್ದರೂ ದೂರು ಕೊಡಬಹುದು. ನಿಮಗೆ ಕಾಣದ ನಂಬರು ಕಂಪನಿಯ ಹತ್ತಿರ ಇರುತ್ತದೆ. ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಪೊಲೀಸರು ಕೇಳಿದರೆ ಕಂಪನಿ ಕೊಡಬೇಕು. ನಿಮ್ಮ ಕೆಲಸ ಟ್ರಿಪ್ಪಿನ ಗುರುತನ್ನು ಉಳಿಸಿಕೊಳ್ಳುವುದು. ಐಡಿ ಬ್ಲಾಕ್ ಆದರೆ ಹಿಸ್ಟರಿ ತೆರೆಯದೇ ಹೋಗಬಹುದು, ಅದಕ್ಕೆ ಮೊದಲೇ ಟ್ರಿಪ್, ಚಾಟ್, ಕಾಲ್ ಲಾಗ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಯುಪಿಐನಲ್ಲಿ ದುಡ್ಡು ಬಂದಿದ್ದರೆ ಅದೂ ಒಂದು ಸುಳಿವು. ಡ್ಯಾಶ್‌ಕ್ಯಾಮ್ ಇದ್ದರೆ ಮೆಮೊರಿ ಕಾರ್ಡನ್ನು ಆಗಲೇ ಹೊರಗೆ ತೆಗೆದಿಡಿ, ಓಡಿಸುತ್ತಾ ಹೋದರೆ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ಮೂಲ ಪ್ರತಿಯಲ್ಲ. 2023ರ ಸಾಕ್ಷ್ಯ ಕಾನೂನಿನ 63ನೇ ಕಲಂ ಪ್ರಕಾರ ವಿದ್ಯುನ್ಮಾನ ಸಾಕ್ಷ್ಯದ ಜೊತೆ ಪ್ರಮಾಣಪತ್ರವೂ ಬೇಕು, ಮೂಲ ಕಾರ್ಡು ಅಥವಾ ಮೂಲ ಫೋನು ನಿಮ್ಮಲ್ಲಿದ್ದರೆ ಅದು ಸುಲಭ. ಸ್ಥಳದ ಎದುರಿಗಿರುವ ಬೇಕರಿ, ಬಂಕು, ಅಪಾರ್ಟ್‌ಮೆಂಟಿನ ಸಿಸಿಟಿವಿ ಎಲ್ಲೆಲ್ಲಿದೆ ಎಂದು ದೂರಿನಲ್ಲೇ ಬರೆಯಿರಿ. ಆ ದೃಶ್ಯಗಳು ಕೆಲವೇ ವಾರಗಳಲ್ಲಿ ತಾವಾಗಿ ಅಳಿಸಿಹೋಗುತ್ತವೆ.

ತಪ್ಪು ಕಲ್ಪನೆ: ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಐಡಿ ಬ್ಲಾಕ್ ಮಾಡುತ್ತಾರೆ.

ವಾಸ್ತವ: ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹೊಡೆದ ಪ್ರಯಾಣಿಕನೇ ಮೊದಲು ಆ್ಯಪ್ ತೆರೆದು ‘ಡ್ರೈವರ್ ದುರ್ವರ್ತನೆ’ ಎಂದು ಒತ್ತಿದರೆ ಮನುಷ್ಯರಾರೂ ನೋಡುವ ಮೊದಲೇ ಐಡಿ ನಿಲ್ಲಬಹುದು. ಇಎಂಐ ಕಟ್ಟುವ ಚಾಲಕನಿಗೆ ಅದು ಎರಡನೆಯ ಏಟು. ಕಂಪನಿಗೂ ಅದೇ ದಿನ ಬರವಣಿಗೆಯಲ್ಲಿ ತಿಳಿಸಿ ಎನ್ನುವುದು ಇದಕ್ಕೇ. ಟ್ರಿಪ್ ಐಡಿ, 112 ಕರೆಯ ಸಮಯ, ಎಂಎಲ್‌ಸಿ ನಂಬರು, ಎನ್‌ಸಿಆರ್ ಅಥವಾ ಎಫ್ಐಆರ್ ನಂಬರು ಕೊಟ್ಟು ನಾಲ್ಕು ಸಾಲು ಬರೆದರೆ ಸಾಕು.

2025ರ ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಇಲ್ಲಿ ನೆರವಿಗೆ ಬರುತ್ತದೆ. ಕೆಲಸದಿಂದ ತೆಗೆಯಬೇಕಾದರೆ ಲಿಖಿತ ಕಾರಣವನ್ನೂ 14 ದಿನದ ಮುಂಚಿತ ನೋಟಿಸನ್ನೂ ಕೊಡಬೇಕು ಎನ್ನುತ್ತದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ, ಅದನ್ನು ನಿರ್ವಹಿಸಲು ಮಂಡಳಿ, ದೊಡ್ಡ ಕಂಪನಿಗಳೊಳಗೆ ವ್ಯಾಜ್ಯ ಪರಿಹಾರ ಸಮಿತಿ ಇವೆಲ್ಲ ಅದರಲ್ಲಿವೆ. ಮಂಡಳಿಯಲ್ಲಿ ನಿಮ್ಮ ಹೆಸರು ನೋಂದಣಿ ಆಗಿದೆಯೇ ಎಂದು ಜಗಳ ಬರುವ ಮೊದಲೇ ನೋಡಿಕೊಳ್ಳಿ.

ತಪ್ಪು ಕಲ್ಪನೆ: ಕ್ಷಮೆ ಕೇಳಿದರು, ರಾಜಿ ಆಯಿತು, ಇನ್ನು ಏನೂ ಉಳಿದಿಲ್ಲ.

ವಾಸ್ತವ: 2025ರಲ್ಲಿ ಬೆಳ್ಳಂದೂರಿನಲ್ಲಿ ಆಟೊ ಚಾಲಕನಿಗೆ ಚಪ್ಪಲಿಯಿಂದ ಹೊಡೆದ ಮಹಿಳೆ ಆಮೇಲೆ ಚಾಲಕನ ಕಾಲು ಮುಟ್ಟಿ ಕ್ಷಮೆ ಕೇಳಿದ ದೃಶ್ಯವನ್ನು ರಾಜ್ಯವೆಲ್ಲ ನೋಡಿತು. ಕ್ಷಮಿಸುವುದು ದೊಡ್ಡ ಗುಣ, ಅದು ನೊಂದವರ ಹಕ್ಕು. ಆದರೆ ಅದು ಅವರ ತೀರ್ಮಾನವಾಗಿರಬೇಕು, ಸ್ಟೇಷನ್ನಿನ ಬೆಂಚಿನ ಮೇಲೆ ರಾತ್ರಿ ಒಂದು ಗಂಟೆಗೆ ‘ಬೆಳಿಗ್ಗೆ ಡ್ಯೂಟಿ ಇಲ್ಲವಾ ನಿನಗೆ’ ಎಂಬ ಒತ್ತಾಯಕ್ಕೆ ಹಾಕಿದ ಸಹಿ ಆಗಬಾರದು. ಸಾಧಾರಣ ಗಾಯದ ಪ್ರಕರಣವನ್ನು ಗಾಯಗೊಂಡವರೇ ರಾಜಿ ಮಾಡಿಕೊಳ್ಳಬಹುದು. ತೀವ್ರ ಗಾಯವಾದರೆ ಕೋರ್ಟಿನ ಅನುಮತಿ ಬೇಕು. ಆಯುಧ ಬಳಸಿದ ಪ್ರಕರಣ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲೇ ಇಲ್ಲ. ‘ನೀನೂ ಹೊಡೆದೆ ಅಂತ ಅವರೂ ಕಂಪ್ಲೇಂಟ್ ಕೊಡ್ತಾರೆ’ ಎಂದು ಹೆದರಿಸಿದರೆ, ಕೊಡಲಿ. ಅವರ ದೂರು ಬಂದ ಮಾತ್ರಕ್ಕೆ ನಿಮ್ಮ ದೂರು ಬಿದ್ದುಹೋಗುವುದಿಲ್ಲ. ರಾಜಿಯ ಮುಚ್ಚಳಿಕೆ ಪೂರ್ತಿ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ಖರ್ಚು ಕೊಡುತ್ತೇವೆ ಅಂದಿದ್ದರೆ ಎಷ್ಟು, ಯಾವಾಗ ಎಂಬುದು ಅದರಲ್ಲಿರಲಿ. ಅವತ್ತು ಮನಸ್ಸು ಗಟ್ಟಿಯಾಗಿಲ್ಲ ಎಂದರೆ ಸಹಿ ಹಾಕಬೇಡಿ. ಸಾಧಾರಣ ಗಾಯದ ಅಪರಾಧಕ್ಕೂ ಕೋರ್ಟು ಗಣನೆಗೆ ತೆಗೆದುಕೊಳ್ಳಲು ಒಂದು ವರ್ಷದ ಕಾಲಮಿತಿ ಇದೆ.

ತಪ್ಪು ಕಲ್ಪನೆ: ವಿಡಿಯೋ ಹಾಕಿದರೆ ಸಾಕು, ತಾನಾಗಿ ನ್ಯಾಯ ಸಿಗುತ್ತದೆ.

ವಾಸ್ತವ: ದೂರಿಗೆ ಅದು ಬದಲಿಯಲ್ಲ. ಹಾಕಲೇಬೇಕೆಂದಿದ್ದರೆ ದೂರು ಕೊಟ್ಟ ಮೇಲೆ, ಕತ್ತರಿಸದೆ, ಪ್ರಯಾಣಿಕರ ಮನೆ ವಿಳಾಸ, ಫೋನ್ ನಂಬರು ತೋರಿಸದೆ ಹಾಕಿ.

ತಪ್ಪು ಕಲ್ಪನೆ: ನಾವು ಕಂಪನಿಗೆ ‘ಪಾರ್ಟ್ನರ್’, ನೌಕರರಲ್ಲ, ಆದ್ದರಿಂದ ಪರಿಹಾರ ಎಲ್ಲಿಂದಲೂ ಬರಲ್ಲ.

ವಾಸ್ತವ: ದಾರಿಗಳಿವೆ, ಕೇಳುವವರು ಕಡಿಮೆ. ಅಪರಾಧದಿಂದ ನೊಂದವರಿಗೆ ಸರ್ಕಾರದಿಂದ ಪರಿಹಾರ ಕೊಡಿಸಲು ಸುರಕ್ಷಾ ಸಂಹಿತೆಯ 396ನೇ ಕಲಂ ಇದೆ, ಕರ್ನಾಟಕದಲ್ಲಿ ಇದಕ್ಕೆ 2011ರಿಂದ ಯೋಜನೆ ಇದೆ. ಆರೋಪಿ ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಮಹಿಳೆಯರು, ಪರಿಶಿಷ್ಟರು ಮತ್ತು ಆದಾಯ ಕಡಿಮೆ ಇರುವವರಿಗೆ ಅದೇ ಪ್ರಾಧಿಕಾರ ಉಚಿತ ವಕೀಲರನ್ನೂ ಕೊಡುತ್ತದೆ. ಸಹಾಯವಾಣಿ 15100. ಗಾಜು ಒಡೆದಿದ್ದರೆ, ನಿಮ್ಮದು ಥರ್ಡ್ ಪಾರ್ಟಿ ಅಲ್ಲದೆ ಪೂರ್ಣ ವಿಮೆಯಾಗಿದ್ದರೆ, ಬೇಕೆಂದೇ ಮಾಡಿದ ಹಾನಿಗೂ ಕ್ಲೇಮ್ ಮಾಡಬಹುದು. ರಿಪೇರಿಗೆ ಬಿಡುವ ಮೊದಲು ಫೋಟೊ ತೆಗೆದು ವಿಮಾ ಕಂಪನಿಗೆ ತಿಳಿಸಿ. ಕೇಂದ್ರದ 2025ರ ಅಗ್ರಿಗೇಟರ್ ಮಾರ್ಗಸೂಚಿ ಪ್ರತಿ ಚಾಲಕನಿಗೆ ಕನಿಷ್ಠ 5 ಲಕ್ಷದ ಆರೋಗ್ಯ ವಿಮೆ, 10 ಲಕ್ಷದ ಟರ್ಮ್ ವಿಮೆ ಇರಬೇಕು ಎನ್ನುತ್ತದೆ. ನಿಮ್ಮ ಕಂಪನಿ ಏನು ಮಾಡಿಸಿದೆ ಎಂದು ಬರವಣಿಗೆಯಲ್ಲಿ ಕೇಳಿ.

ಪ್ರಾಣವೇ ಹೋದ ಮನೆಯವರಿಗೆ ಒಂದು ಮಾತು. ನಾಗಾಲ್ಯಾಂಡಿನ ದಿಮಾಪುರದಲ್ಲಿ ಪ್ರಯಾಣಿಕರ ಸೋಗಿನಲ್ಲಿ ಹತ್ತಿದವರು ಆಟೊ ಚಾಲಕನನ್ನು ಕೊಂದು ಗಾಡಿ ಕದ್ದ ಪ್ರಕರಣದಲ್ಲಿ, ಗಾಡಿ ಕದಿಯುವುದೇ ಮುಖ್ಯ ಉದ್ದೇಶವಾಗಿದ್ದು ಕೊಲೆ ಅದರ ನಡುವೆ ಆಗಿದ್ದರೆ ಅದು ಮೋಟಾರು ವಾಹನ ಬಳಕೆಯಿಂದಾದ ಅಪಘಾತವೇ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿತು. ವಿಮಾ ಕಂಪನಿ ಪರಿಹಾರ ಕೊಡಬೇಕಾಯಿತು. ‘ಕೊಲೆ ಆಕ್ಸಿಡೆಂಟ್ ಅಲ್ಲ’ ಎಂದು ಯಾರಾದರೂ ವಾಪಸು ಕಳಿಸಿದರೆ ಅಲ್ಲಿಗೇ ಬಿಡಬೇಡಿ, ವಕೀಲರಿಗೆ ಈ ತೀರ್ಪಿನ ಬಗ್ಗೆ ಹೇಳಿ.

ತಪ್ಪು ಕಲ್ಪನೆ: ಗಂಡಸಾದವನು ಇಷ್ಟಕ್ಕೆಲ್ಲ ಹೆದರಬಾರದು, ಮರುದಿನವೇ ಡ್ಯೂಟಿಗೆ ಹೋದರೆ ಎಲ್ಲ ಮರೆತುಹೋಗುತ್ತದೆ.

ವಾಸ್ತವ: ಹಿಂದಿನ ಸೀಟಿನಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಎದೆ ಹೊಡೆದುಕೊಳ್ಳುವುದು, ರಾತ್ರಿ ಟ್ರಿಪ್ ಬಂದರೆ ಕೈ ನಡುಗುವುದು, ನಿದ್ದೆ ಬಾರದಿರುವುದು, ಮನೆಯಲ್ಲಿ ಸಣ್ಣದಕ್ಕೂ ಸಿಡುಕುವುದು ಹಲ್ಲೆಯಾದ ಮೇಲೆ ಯಾರಿಗಾದರೂ ಆಗುವಂಥದ್ದು. ನಿದ್ದೆಗೆಟ್ಟವರು ಬೆಂಗಳೂರಿನ ಟ್ರಾಫಿಕ್ಕಿಗೆ ಇಳಿಯುವುದು ಅವರಿಗೂ ಅಪಾಯ, ರಸ್ತೆಯಲ್ಲಿರುವವರಿಗೂ ಅಪಾಯ. 14416 ಟೆಲಿ-ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕೆಲವು ವಾರ ಕಳೆದರೂ ಹಾಗೇ ಇದ್ದರೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೋ ನಿಮ್ಹಾನ್ಸ್‌ಗೋ ಹೋಗಿ ತೋರಿಸಿ, ಆ ಚೀಟಿಯನ್ನೂ ಕೇಸಿನ ಕಾಗದಗಳ ಜೊತೆಗೇ ಇಡಿ.